ಎಣಿಸಿದ ಬಾಯಿ

ದೋಸೆ ಹುಯ್ಯುತ್ತಿದ್ದ ಇಂದುವಿಗೆ ಎಷ್ಟು ಹುಯ್ದೆನೆಂಬ ಲೆಕ್ಕ ಇರಲಿಲ್ಲ. ಎಂದೂ ಇಡುವವಳಲ್ಲ. ತಟ್ಟೆ ಹಾಕುವಾಗ, ಲೋಟ ಜೋಡಿಸುವಾಗ, ಮಕ್ಕಳ ಬಟ್ಟೆ ಮಡಚುವಾಗ ಅವಳ ಬಾಯಿಗೆ ಅಂಕಿ ಬರುವುದಿಲ್ಲ. ಬಂದರೂ ತುಟಿಯ ಒಳಗೇ ನಿಂತುಬಿಡುತ್ತದೆ. ಅಂಗನವಾಡಿಯಲ್ಲಿ ಊರ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ದಿನಾ ತಲೆ ಮುಟ್ಟಿ ಎಣಿಸುವವಳು, ನಿಮಗೆ ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ‘ಮನು ಇದಾನೆ, ಸಂತು ಇದಾನೆ’ ಎನ್ನುತ್ತಾಳೆಯೇ ಹೊರತು ಎರಡು ಎಂದವಳಲ್ಲ. ಇದನ್ನು ಇಷ್ಟು ವರ್ಷ ಯಾರೂ ಗಮನಿಸಿರಲಿಲ್ಲ, ಎದುರಿಗೇ ಕೂತು ದೋಸೆಯ ಅಂಚು ಮುರಿಯುತ್ತಿದ್ದ ಗಂಡ ನಟರಾಜನೂ. ಭಾನುವಾರ. ಬಿಸಿಲು ಏರಿ ಕುರಿಗಳನ್ನು ಮೇಯಲು ಬಿಡುವುದರೊಳಗೆ ಅವಳು ದೇವೀರಪ್ಪನ ಕುರಿ ರೊಪ್ಪದ ಮುಂದೆ ಹೋಗಿ ನಿಲ್ಲಬೇಕಿತ್ತು. ನಿಂತು, ಎಲ್ಲರ ಎದುರಿಗೆ, ನಾನು ಮಕ್ಕಳಿಗೆ ಕಲಿಸಿದ್ದು ಸುಳ್ಳು ಅನ್ನಬೇಕಿತ್ತು. ಹಾಗೆ ಅಂದ ಮೇಲೆ, ಅಂಕಿ ಕಲಿಸುವ ಪ್ರಾಣಿಗಳ ಪುಸ್ತಕವನ್ನು ಉಪ್ಪು ಮೆಣಸಿನಕಾಯಿಯ ಜೊತೆಗೆ ಬೆಂಕಿಗೆ ಹಾಕಬೇಕಿತ್ತು. ಹಾಕದಿದ್ದರೆ ನಾಳೆಯಿಂದ ಮೇಲಿನ ಬೀದಿಯ ಒಂದು ಮಗುವೂ ಅಂಗನವಾಡಿಗೆ ಬರುವುದಿಲ್ಲ ಎಂದು ತೀರ್ಮಾನವಾಗಿತ್ತು.

“ಹೋಗಿ ಒಂದು ಮಾತು ಹೇಳಿ ಬಂದ್ಬಿಡು ಕಣೇ,” ಎಂದ ನಟರಾಜ. “ಬರೀ ಮಾತಲ್ವಾ. ಆಡಿದ್ರೆ ನಾಲಿಗೆ ಸವೆಯುತ್ತಾ?”

“ಸುಳ್ಳು ಅಂತ ಹೇಳ್ಬೇಕಂತೆ.”

“ಹೇಳು. ನಾಳೆಯಿಂದ ಅದನ್ನೇ ಕಲಿಸು. ಯಾರು ಬಂದು ನೋಡ್ತಾರೆ?”

ಅವನ ತಲೆಯ ಮೇಲೆ ಗೋಡೆಯಲ್ಲಿ ಬುದ್ಧ ಅರ್ಧ ಕಣ್ಣು ಮುಚ್ಚಿ ಕೂತಿದ್ದ. ವರ್ಷಕ್ಕೊಂದು ಸಲ ಬೇಲೂರಿನ ವೇದಿಕೆಯಲ್ಲಿ ಬಿಳಿ ಶರಟು ಹಾಕಿಕೊಂಡು ಮೂಢನಂಬಿಕೆಯ ಮೇಲೆ ಮೈಕು ಬಿಸಿಯಾಗುವಷ್ಟು ಮಾತಾಡುವ ಮನುಷ್ಯ ಇವನೇ. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ. ಇಂದು ಕಾವಲಿಗೆ ನೀರು ಚಿಮುಕಿಸಿದಳು. ಚುರ್ ಎಂದಿತು. ಅವನ ಮೇಲೆ ಬಂದ ಸಿಟ್ಟು ನಿಜವಾಗಿ ಅವನ ಮೇಲಿನದಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಆ ಸಿಟ್ಟಿನ ಅಡಿಯಲ್ಲಿ ಬೇರೆ ಏನೋ ಇತ್ತು. ದೇವೀರಪ್ಪ ಹೇಳುವುದು ನಿಜವೇ ಇರಬಹುದು ಎಂದು ಮೊನ್ನೆಯಿಂದ ಹೊಟ್ಟೆಯೊಳಗೆ ಕೂತು ಪಿಸುಗುಡುವ ಒಂದು ಮುದಿ ಗಂಟಲು. ಅದರ ಬಾಯಿ ಮುಚ್ಚಿಸಲು ಆಗದೆ ಅವಳು ಕಾವಲಿಯ ಮೇಲೆ ತೀರಿಸಿಕೊಂಡಳು.

ಪುಸ್ತಕ ಇಲಾಖೆಯದಲ್ಲ. ತವರೂರು ಗಂಡಸಿಯಿಂದ ಬರುವಾಗ ಅರಸೀಕೆರೆ ಸ್ಟೇಷನ್ನಿನ ಎದುರಿನ ಅಂಗಡಿಯಲ್ಲಿ ಅವಳೇ ಕೊಂಡದ್ದು. ಒಂದನೇ ಹಾಳೆಯಲ್ಲಿ ಒಂದು ಆನೆ, ಎರಡನೆಯದರಲ್ಲಿ ಎರಡು ಹಸು, ಮೂರನೆಯದರಲ್ಲಿ ಮೂರು ಜಿರಾಫೆ. ಮಕ್ಕಳಿಗೆ ಜಿರಾಫೆ ಎಂಬ ಮಾತು ಬಾಯಿಗೆ ಬರದೆ ‘ಕತ್ತು ಉದ್ದದ ಹಸ’ ಮಾಡಿಕೊಂಡಿದ್ದವು. ಐದನೇ ಹಾಳೆಯಲ್ಲಿ ಐದು ಕುರಿಮರಿ. ಈ ಹಾಳೆಯನ್ನು ಇಂದು ಸ್ವಲ್ಪ ಬೇಗ ತಿರುವುತ್ತಿದ್ದಳು, ಮಕ್ಕಳು ‘ಮಿಸ್, ಮರಿ ಮರಿ’ ಎಂದು ಅವಳ ಕೈ ಹಿಡಿದೆಳೆದು ಮತ್ತೆ ಹಿಂದಕ್ಕೆ ತಿರುವಿಸುತ್ತಿದ್ದವು. ಒಂದೊಂದು ಹಾಳೆಗೂ ಅವಳದು ಒಂದೇ ಪ್ರಶ್ನೆ: “ಆಮೇಲೆ?” ಅದು ಎಷ್ಟು ರೂಢಿಯಾಗಿತ್ತೆಂದರೆ, ಮಕ್ಕಳು ಅನ್ನ ಉಣ್ಣುವಾಗಲೂ ಒಂದಕ್ಕೊಂದು ‘ಆಮೇಲೆ?’ ಎಂದು ಕೇಳಿ ನಗುತ್ತಿದ್ದವು. ಹತ್ತು ಬಾತುಕೋಳಿಗೆ ಪುಸ್ತಕ ಮುಗಿಯುತ್ತಿತ್ತು. ಕಳೆದ ಚಳಿಗಾಲದಲ್ಲಿ ಮಕ್ಕಳನ್ನು ಹಳೇಬೀಡಿನ ಗುಡಿಗೆ ಕರೆದುಕೊಂಡು ಹೋದಾಗ ಗೋಡೆಯ ಬುಡದ ಕಲ್ಲಾನೆ ಸಾಲನ್ನು ಅವು ಮುಟ್ಟಿ ಮುಟ್ಟಿ ಎಣಿಸಿದ್ದವು. ಹತ್ತಾದ ಕೂಡಲೇ ಅಂಕಿ ತೀರಿಹೋಗಿ, ಏನೂ ಮುಜುಗರವಿಲ್ಲದೆ, ಮತ್ತೆ ಒಂದರಿಂದ ಶುರು ಮಾಡಿ ಗುಡಿಯ ಮೂಲೆ ತಿರುಗಿ ಹೋಗಿದ್ದವು. ಎಲ್ಲಕ್ಕಿಂತ ಮುಂದೆ ಓಡಿದ್ದವಳು ರಾಣಿ, ದೇವೀರಪ್ಪನ ಮೊಮ್ಮಗಳು, ನಾಲ್ಕು ವರ್ಷದ ಗುಂಗುರು ಕೂದಲಿನ ಹುಡುಗಿ. ಅವಳಿಗೆ ಎಣಿಸುವುದೆಂದರೆ ಬೆಲ್ಲ. ಅಂಗನವಾಡಿಯ ಊಟ ಮಾತ್ರ ಅವಳು ಉಣ್ಣುತ್ತಿರಲಿಲ್ಲ. ಮನೆಯಿಂದ ಡಬ್ಬಿ ಬರುತ್ತಿತ್ತು. ಅನ್ನ ಬೇಯಿಸುವವಳು ಇಂದುವಿನ ಕೇರಿಯವಳು. ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಅಂಕಿಗಳನ್ನು ಮಾತ್ರ ಹುಡುಗಿ ಇಂದುವಿನ ಬಾಯಿಂದಲೇ ತೆಗೆದುಕೊಳ್ಳುತ್ತಿದ್ದಳು, ಅವಕ್ಕೆ ಯಾರೂ ಡಬ್ಬಿ ಕಟ್ಟಿ ಕಳಿಸಿರಲಿಲ್ಲ.

ಹೋದ ವಾರ ರಾಣಿ ತಾತನ ರೊಪ್ಪದ ತಟ್ಟಿ ಹಿಡಿದು ನಿಂತು, ತೋರುಬೆರಳು ಚಾಚಿ, ಒಂದು ಕುರಿ, ಎರಡು ಕುರಿ ಎಂದು ಎಣಿಸಿದಳು. ಹತ್ತಾಯಿತು. ಮತ್ತೆ ಒಂದರಿಂದ ಹಿಡಿದಳು. ಅಲ್ಲಿಗೆ ಮಂದೆಯಲ್ಲಿ ಎಷ್ಟು ಕುರಿ ಇವೆ ಎಂಬುದು ಅವಳಿಗೂ ಗೊತ್ತಾಗಲಿಲ್ಲ, ದೇವರಿಗೂ ಗೊತ್ತಾಗಲಿಲ್ಲ. ಆದರೆ ಅಜ್ಜಿ ವಸಂತಮ್ಮ ಕೇಳಿಸಿಕೊಂಡರು. ಆ ಮನೆಯಲ್ಲಿ ಉಸಿರಾಡುವ ಯಾವುದನ್ನೂ ಎಣಿಸುವ ಪದ್ಧತಿಯಿಲ್ಲ. ಕಣದಲ್ಲಿ ರಾಗಿ ಅಳೆಯುವಾಗಲೇ ಮೊದಲ ಕೊಳಗಕ್ಕೆ ಒಂದು ಎನ್ನದೆ ಲಾಭ ಎನ್ನುವ ಜನ. ಕುರಿ, ಕರು, ಕೂಸು ಎಷ್ಟಿವೆ ಎಂದರೆ ‘ದೇವ್ರು ಕೊಟ್ಟಷ್ಟವೆ’ ಎನ್ನುತ್ತಾರೆ. ಎಳೆ ಕುಂಬಳಕಾಯಿಗೆ ಬೆರಳು ತೋರಿಸಿದರೆ ಕೊಳೆತುಹೋಗುತ್ತದೆ, ಇನ್ನು ಜೀವಕ್ಕೆ ತೋರಿಸಿದರೆ ಕೇಳಬೇಕೆ. ಎರಡು ದಿನ ಕಳೆದಿರಲಿಲ್ಲ, ಬೆಳಗ್ಗೆ ರೊಪ್ಪದಲ್ಲಿ ಕೊಬ್ಬಿದ ಮರಿಗಳೇ ಕಾಲು ಚಾಚಿ ಬಿದ್ದಿದ್ದವು, ಜೊತೆಗೊಂದು ಗಬ್ಬದ ಕುರಿ. ಪಶು ಆಸ್ಪತ್ರೆಯಿಂದ ಬಂದವರು ಹೊಟ್ಟೆ ಕುಯ್ದು ನೋಡಿ ಕರುಳುಬೇನೆ ಎಂದರು. ಮಳೆಗೆ ಮುಂಚೆ ಲಸಿಕೆ ಹಾಕುವವರು ಊರಿಗೆ ಬಂದಾಗ ‘ಎಷ್ಟು ಕುರಿ ಇವೆ ಯಜಮಾನ್ರೆ’ ಎಂದು ಕೇಳಿದ್ದೇ ತಪ್ಪಾಗಿ, ದೇವೀರಪ್ಪ ‘ಎಣಿಸಿ ಚುಚ್ಚೋ ಮದ್ದು ನಮಗೆ ಬ್ಯಾಡ’ ಎಂದು ಅವರನ್ನು ಬಾಗಿಲಿಂದಲೇ ಕಳಿಸಿದ್ದು ಇಡೀ ಊರಿಗೆ ಗೊತ್ತು. ಈಗ ಆ ಮಾತು ಯಾರ ಬಾಯಲ್ಲೂ ಇಲ್ಲ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಒರೆಸುವುದಕ್ಕೆ ಕೇರಿಯ ಟೀಚರಮ್ಮನ ಬಾಯಿ ಹತ್ತಿರದಲ್ಲೇ ಇತ್ತು.

ಅಷ್ಟೇ ಆಗಿದ್ದರೆ ಇಂದು ಒರೆಸಿಕೊಂಡು ಸುಮ್ಮನಾಗುತ್ತಿದ್ದಳೇನೋ. ಬಾಯಿ ಒರೆಸಿಕೊಳ್ಳುವುದು ಅವಳಿಗೆ ಹೊಸದಲ್ಲ. ಆದರೆ ಶುಕ್ರವಾರ ನೀರಿನ ಟ್ಯಾಂಕಿನ ಹತ್ತಿರ ರಾಣಿ ಸಿಕ್ಕಳು. ಅಜ್ಜಿಯ ಸೆರಗು ಹಿಡಿದಿದ್ದಳು. ಬಲಗೈಯ ತೋರುಬೆರಳಿಗೆ ಅರಿಶಿನದ ಬಟ್ಟೆ ಸುತ್ತಿ ದಾರ ಬಿಗಿದಿದ್ದರು. ಗಾಯವಾಯಿತೇ ಎಂದು ಕೇಳಿದ್ದಕ್ಕೆ ಹುಡುಗಿ ತಲೆ ಎತ್ತದೆ, ಪಾಠ ಒಪ್ಪಿಸುವ ದನಿಯಲ್ಲಿ, “ನಾನು ಮರಿ ಸಾಯಿಸಿದೆ, ಮಿಸ್,” ಎಂದಳು. ವಸಂತಮ್ಮ ಅವಳನ್ನು ಎಳೆದುಕೊಂಡು ಹೋದರು. ಇಂದು ಕೊಡ ಬಿಟ್ಟು ಟ್ಯಾಂಕಿನ ಕಟ್ಟೆ ಹಿಡಿದುಕೊಂಡಳು. ಕಟ್ಟೆಯ ಸಿಮೆಂಟು ತಣ್ಣಗಿತ್ತು, ಗಂಡಸಿಯ ಮನೆಯ ಸಾರಿಸಿದ ನೆಲದ ಹಾಗೆ. ಆ ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಮಕ್ಕಳು ಸಾಲಾಗಿ ಮಲಗಿವೆ. ಒಂದನೇ ಕ್ಲಾಸಿನಲ್ಲಿ ಆಗತಾನೇ ಮಗ್ಗಿಯ ರುಚಿ ಹತ್ತಿದ ಇಂದು ಎದ್ದು ಕೂತು ಒಂದೊಂದೇ ತಲೆ ಮುಟ್ಟುತ್ತಿದ್ದಾಳೆ: ಒಂದು, ಎರಡು, ಮೂರು, ನಾನು ನಾಲ್ಕು, ಪಾಪು ಐದು. ಪಾಪುವಿನ ನೆತ್ತಿ ಬೆಚ್ಚಗೆ ಮಿಡಿಯುತ್ತಿತ್ತು. ಆ ಮಿಡಿತ ಇವತ್ತಿಗೂ ಅವಳ ಬೆರಳ ತುದಿಯಲ್ಲಿದೆ. ಆ ತಿಂಗಳೇ ಪಾಪುವಿಗೆ ಜ್ವರ ಬಂತು, ಪಾಪು ತೀರಿಹೋಯಿತು. ಇಂದುವಿನ ಅಜ್ಜಿ ಎದೆ ಬಡಿದುಕೊಳ್ಳುತ್ತಾ ಅವಳ ಕಡೆ ತಿರುಗಿ, “ಎಣಿಸಿದ ಬಾಯಿ,” ಎಂದಳು. ಅಷ್ಟೇ. ಆಮೇಲೆ ಅದೇ ಅವಳ ಹೆಸರಾಯಿತು. ಮದುವೆ ಹಬ್ಬಗಳಲ್ಲಿ ಪಂಕ್ತಿಗೆ ಎಷ್ಟು ಜನ ಕೂತಿದ್ದಾರೆ ನೋಡಿ ಬಾ ಎಂದು ಯಾರನ್ನಾದರೂ ಕಳಿಸುವಾಗ, ಎಣಿಸಿದ ಬಾಯಿ ಬ್ಯಾಡ ಎಂದು ನಗುತ್ತಿದ್ದರು.

ಅಜ್ಜಿಯ ಮೇಲೆ ಇಂದುವಿಗೆ ಈಗ ಕೋಪವಿಲ್ಲ. ಅಜ್ಜಿಗೆ ಗೊತ್ತಿದ್ದದ್ದೇ ಅಷ್ಟು. ಕೋಪ ಇರುವುದು ಅವ್ವನ ಮೇಲೆ. ಅವ್ವ ಚಲುವಮ್ಮ ಅವಳನ್ನು ಬೈಯಲಿಲ್ಲ, ಹೊಡೆಯಲಿಲ್ಲ, ಎಂದಿನ ಹಾಗೆ ತಲೆ ಬಾಚಿದಳು, ಮುದ್ದೆಗೆ ಸಾರು ಬಿಟ್ಟಳು. ಆದರೆ ಅಜ್ಜಿಯ ಮಾತಿಗೆ ‘ಇಲ್ಲ’ ಅನ್ನಲಿಲ್ಲ. ಒಂದೇ ಒಂದು ಸಲ ಹತ್ತಿರ ಕೂರಿಸಿಕೊಂಡು, ನೀನಲ್ಲ ಕಣವ್ವ, ಜ್ವರ ಕಣವ್ವ ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಅವ್ವನೂ ಒಳಗೊಳಗೇ ಹಾಗೇ ಅಂದುಕೊಂಡಿದ್ದಳೋ, ದುಃಖದಲ್ಲಿ ಮಗಳ ಕಡೆ ನೋಡುವುದಕ್ಕೆ ಪುರಸೊತ್ತಾಗಲಿಲ್ಲವೋ, ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ. ಇಂದು ಟೀಚರ್ ಟ್ರೈನಿಂಗ್ ಮುಗಿಸಿದಳು, ಪರೀಕ್ಷೆ ಬರೆದಳು, ಬಾಯಿತುಂಬ ಊರ ಮಕ್ಕಳಿಗೆ ಅಂಕಿ ಕಲಿಸಿದಳು, ಹಟಕ್ಕೆ ಬಿದ್ದವಳ ಹಾಗೆ. ಮನೆಗೆ ಬಂದರೆ ಮಾತ್ರ ತಟ್ಟೆಗಳ ಮುಂದೆ ಆರು ವರ್ಷದ ಹುಡುಗಿ. ತನ್ನ ಮಕ್ಕಳಿಗೆ ಮಾತ್ರ ತನ್ನ ಎಣಿಕೆ ತಗುಲಬಾರದು, ಊರ ಮಕ್ಕಳಿಗೆ ಏನಾದರೂ ಪರವಾಗಿಲ್ಲವೇ? ಈ ಪ್ರಶ್ನೆ ಅವಳನ್ನು ಟ್ಯಾಂಕಿನ ಕಟ್ಟೆಯ ಹತ್ತಿರ ಹಿಡಿದು ನಿಲ್ಲಿಸಿತ್ತು. ಅದಕ್ಕೆ ಉತ್ತರ ಕೊಡಲು ಅವಳಿಗೆ ನಾಚಿಕೆಯಾಗಿತ್ತು.

ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು ಹೊರಟಳು. ಏನು ಹೇಳುತ್ತೇನೆಂಬುದು ಅವಳಿಗೇ ಗೊತ್ತಿರಲಿಲ್ಲ. ಮನು, ಸಂತು ಬರಬೇಡಿರೆಂದರೂ ಕುರಿ ನೋಡುವ ಆಸೆಗೆ ಹಿಂದೆ ಹೊರಟವು. ನಟರಾಜ ‘ನನಗೆ ಬೇಲೂರಲ್ಲಿ ಕೆಲಸ ಇದೆ’ ಎಂದು ಭಾನುವಾರದ ದಿನ ಬೈಕು ಒರೆಸತೊಡಗಿದ. ಕೇರಿ ದಾಟಿ, ಮಾದಿಹಳ್ಳಿ ಕಡೆಯ ರಸ್ತೆ ದಾಟಿ, ಮೇಲಿನ ಬೀದಿಗೆ ಕಾಲಿಟ್ಟಾಗ ಜಗುಲಿಗಳ ಮೇಲಿನ ಮಾತು ನಿಂತು, ಅವಳು ಮುಂದೆ ಹೋದ ಮೇಲೆ ಹಿಂದಿನಿಂದ ಮತ್ತೆ ಶುರುವಾಯಿತು. ಎಷ್ಟು ಸಣ್ಣ ಮಾತು, ಸುಳ್ಳು ಎಂಬುದು. ಎರಡೇ ಅಕ್ಷರ. ದಿನಾ ಎಷ್ಟು ಸುಳ್ಳು ಹೇಳುವುದಿಲ್ಲ: ಊಟ ಆಯಿತು, ತಲೆನೋವು, ಬೇಜಾರಿಲ್ಲ. ಇದೂ ಒಂದು. ಹೇಳಿ ಬಂದರೆ ನಾಳೆ ಚಾಪೆ ತುಂಬ ಮಕ್ಕಳು, ಡಬ್ಬಿಯ ಜೊತೆ ರಾಣಿ. ಬಂದ ರಾಣಿಗೆ ಯಾವ ಪ್ರಾಣಿ ತೋರಿಸಿ ಯಾವ ಅಂಕಿ ಹೇಳಿಸುವುದು? ಕಲ್ಲು ಎಣಿಸು ಎನ್ನುವುದೇ? ಕಲ್ಲಾನೆ ಎಣಿಸಬಹುದು, ಅದು ಸಾಯುವುದಿಲ್ಲ. ಸಾಯುವುದನ್ನೆಲ್ಲ ಬಿಟ್ಟುಬಿಡು ಎನ್ನುವುದೇ? ಹಾಗಂದರೆ ಮಗುವಿಗೆ ಅರ್ಥವಾಗುವುದು ಒಂದೇ: ಟೀಚರ್‌ಗೂ ಗೊತ್ತು, ನಾನೇ ಸಾಯಿಸಿದ್ದು.

ರೊಪ್ಪದ ಮುಂದೆ ದೇವೀರಪ್ಪ ಟವೆಲ್ಲು ಹೆಗಲಿಗೆ ಹಾಕಿ ನಿಂತಿದ್ದರು. ಗೋಡೆಯಾಚೆ ಅಕ್ಕಪಕ್ಕದವರ ತಲೆಗಳು. ಹಂಚಿನ ತುಂಡಿನಲ್ಲಿ ಕೆಂಡ, ಪಕ್ಕದಲ್ಲಿ ಉಪ್ಪು, ಒಣಮೆಣಸಿನಕಾಯಿ. ವಸಂತಮ್ಮನ ಸೊಂಟಕ್ಕೆ ಅಂಟಿಕೊಂಡು ರಾಣಿ, ಬಟ್ಟೆ ಸುತ್ತಿದ ಬೆರಳನ್ನು ಇನ್ನೊಂದು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಿದ್ದಳು. ಒಳಗೆ ಕುರಿಗಳು ಹೊರಗೆ ಬಿಡಿರೆಂದು ತಟ್ಟಿಗೆ ಮೈ ಉಜ್ಜುತ್ತಿದ್ದವು.

“ಅಲ್ಲೇ ನಿಂತ್ಕೊಳಮ್ಮ,” ಎಂದರು ದೇವೀರಪ್ಪ. ಅಲ್ಲೇ ಎಂದರೆ ತಟ್ಟಿಯಿಂದ ಆಚೆ, ಚರಂಡಿಯ ಅಂಚಿಗೆ. “ನೋಡು ಟೀಚರಮ್ಮ, ನಮ್ಗೆ ನಿನ್ ಮ್ಯಾಲೆ ದ್ವೇಷ ಇಲ್ಲ. ನಮ್ ತಾತನ್ ಕಾಲದಿಂದ ಈ ರೊಪ್ಪದಾಗೆ ಎಣ್ಸಿದೋರಿಲ್ಲ. ಆ ಗಬ್ಬದ ಕುರಿ ನನ್ ಕೈಯಾಗೇ ಹುಟ್ಟಿದ್ದು, ನನ್ ಕಣ್ ಮುಂದೆ ಒದ್ದಾಡ್ ಸತ್ತೋತು. ಹೊಟ್ಟೆ ಉರಿತೈತೆ.” ಅವರ ದನಿ ಒಡೆಯಿತು. ನಿಜವಾದ ಸಂಕಟ ಅದು, ಇಂದುವಿಗೂ ಕಂಡಿತು. “ಒಂದ್ ಮಾತು. ಕಲ್ಸಿದ್ದು ಸುಳ್ಳು ಅನ್ನು. ಆ ಬುಕ್ಕು ಇದ್ರಾಗೆ ಹಾಕು. ಮುಗೀತು.”

“ಲಸಿಕೆ ಹಾಕೋರು ಬಂದಾಗ ನೀವು ವಾಪಸ್ ಕಳಿಸಿದ್ರಿ, ದೇವೀರಪ್ಪಾರೇ,” ಎಂದಳು ಇಂದು. “ಎಷ್ಟು ಕುರಿ ಅಂತ ಹೇಳ್ಬೇಕಾಗತ್ತೆ ಅಂತ ಕಳಿಸಿದ್ರಿ. ಗೆಂಡೆಹಳ್ಳಿಲೂ ಮಳೆ ಬಂತು, ಅಲ್ಲಿ ಚುಚ್ಚಿಸಿದೋರ ಕುರಿ ಹಂಗೇ ಇವೆ.”

ಗೋಡೆಯಾಚೆ ಯಾರೋ ಕೆಮ್ಮಿದರು. ದೇವೀರಪ್ಪನ ಮುಖ ಕಪ್ಪಿಟ್ಟಿತು. “ನಿಮ್ ಜನಕ್ಕೆ ನಾಕಕ್ಷರ ಬಂದ್ಬುಟ್ರೆ ಮಾತು ಹಿಂಗೇ,” ಎಂದರು, ಮೆಲ್ಲಗೆ, ಇಷ್ಟು ದಿನ ಡಬ್ಬಿಯಲ್ಲಿ ಕಟ್ಟಿ ಕಳಿಸಿದ್ದನ್ನು ಮುಚ್ಚಳ ತೆಗೆದು ಇಟ್ಟ ಹಾಗೆ. ಇಂದುವಿಗೆ ವಿಚಿತ್ರವಾಗಿ ಹಗುರವಾಯಿತು. ಆದರೆ ಅವಳು ಗೆದ್ದಿರಲಿಲ್ಲ. ಲಸಿಕೆಯ ಮಾತು ದೊಡ್ಡವರದು. ರಾಣಿ ಅದನ್ನು ಕೇಳಿಸಿಕೊಂಡೂ ಇರಲಿಲ್ಲ. ಕಾಲ ಹೆಬ್ಬೆರಳಿನಿಂದ ಮಣ್ಣು ಕೆದರುತ್ತಾ, ಯಾರದೋ ತಪ್ಪಿಗೆ ಯಾರೋ ಜಗಳವಾಡುವಾಗ ನಿಲ್ಲುವ ಹಾಗೆ ನಿಂತಿದ್ದಳು. ಆ ನಿಲುವು ಇಂದುವಿಗೆ ಗೊತ್ತು. ಗಂಡಸಿಯ ಮನೆಯ ಕಂಬದ ಪಕ್ಕ ಹಾಗೇ ನಿಂತದ್ದು, ಒಳಗೆ ಹೆಂಗಸರು ಅಳುತ್ತಿದ್ದದ್ದು, ಅವ್ವ ಅವಳನ್ನು ದಾಟಿಕೊಂಡು ಹಿತ್ತಲಿಗೆ ಹೋದದ್ದು. ಯಾರಾದರೂ ಈಗ ಇಲ್ಲ ಅನ್ನಬೇಕು. ಬರೀ ಬಾಯಲ್ಲಿ ಅಂದರೆ ಸಾಲದು, ಮಗು ನಂಬುವ ಹಾಗೆ ಅನ್ನಬೇಕು.

ಚರಂಡಿಯ ಅಂಚನ್ನು ದಾಟಿದಳು. ಯಾರಾದರೂ ತಡೆಯುವಷ್ಟರಲ್ಲಿ ರಾಣಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಬಟ್ಟೆಯ ದಾರಕ್ಕೆ ಹಲ್ಲು ಹಾಕಿದಳು. ವಸಂತಮ್ಮ “ಅಯ್ಯೋ ಮುಟ್ಬ್ಯಾಡ್ರಿ,” ಎಂದರು, ಬೆರಳನ್ನೋ ಮಗುವನ್ನೋ ಗೊತ್ತಾಗಲಿಲ್ಲ. ದಾರ ಕಿತ್ತು ಬಂತು. ಬೆರಳು ಬೆವರಿ ಬಿಳುಚಿಕೊಂಡು, ನೀರಲ್ಲಿ ನೆನೆದ ಕಡಲೆಯ ಹಾಗೆ ಸುಕ್ಕಾಗಿತ್ತು. ಅದನ್ನು ಇಂದು ತನ್ನ ಅಂಗೈಯಲ್ಲಿ ಇಟ್ಟುಕೊಂಡು ಊದಿದಳು.

“ಮನು, ಸಂತು, ಇಲ್ಲಿ ಬನ್ನಿ. ಪಕ್ಕ ಪಕ್ಕ ನಿಂತ್ಕೊಳ್ಳಿ.”

ಹುಡುಗರು ಕುರಿ ನೋಡುವುದು ಬಿಟ್ಟು ಬಂದು ನಿಂತರು. ಸಂತುವಿನ ಮೂಗಿನ ಕೆಳಗೆ ದೋಸೆಯ ಚಟ್ನಿ ಒಣಗಿತ್ತು. ಹೊಟ್ಟೆಯೊಳಗಿನ ಮುದಿ ಗಂಟಲು ಬ್ಯಾಡ ಬ್ಯಾಡ ಎಂದು ಕಿರುಚಿತು. ಈಗಲೂ ಎದ್ದು ಹೋಗಬಹುದು. ಪುಸ್ತಕ ಕೆಂಡಕ್ಕೆ ಹಾಕಿ, ಎರಡಕ್ಷರ ಹೇಳಿ, ಈ ಚಟ್ನಿ ಮೂತಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಬಹುದು. ಕಾಲು ಏಳಲಿಲ್ಲ.

“ಇವು ನನ್ನ ಮಕ್ಕಳು, ರಾಣಿ,” ಎಂದಳು. “ನಿನ್ನ ಬೆರಳಿಂದ ಯಾರೂ ಸಾಯಲ್ಲ. ನೀನು ಸಾಯಿಸ್ಲಿಲ್ಲ ಕಣವ್ವ, ಅದು ಕಾಯಿಲೆ. ಎಣಿಸು ಇವರನ್ನ. ಬೆರಳಿಟ್ಟು ಎಣಿಸು.”

ವಸಂತಮ್ಮ ಬಾಯಿಗೆ ಸೆರಗು ಹಿಡಿದರು. “ಬ್ಯಾಡ ಟೀಚರ್ರೆ,” ಎಂದರು, ಈ ಸಲ ಬೇರೆಯದೇ ದನಿಯಲ್ಲಿ, ಒಬ್ಬ ತಾಯಿ ಇನ್ನೊಬ್ಬಳಿಗೆ ಹೇಳುವ ಹಾಗೆ. “ನಿಮ್ ದಮ್ಮಯ್ಯ ಅಂತೀನಿ. ಹೆತ್ತ ಮಕ್ಳು ಕಣ್ರೀ.”

“ಗೊತ್ತಿದ್ದೇ ಹೇಳ್ತಿದೀನಿ, ವಸಂತಮ್ಮಾರೇ.”

ರಾಣಿ ಅವಳ ಮುಖವನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ದೊಡ್ಡವರು ಸುಳ್ಳು ಹೇಳುವಾಗ ಮುಖದಲ್ಲಿ ಎಲ್ಲೋ ಸಿಕ್ಕಿಬೀಳುತ್ತಾರೆಂದು ಮಕ್ಕಳಿಗೆ ಗೊತ್ತಿರುತ್ತದೆ. ಇಂದು ತನ್ನ ಮುಖವನ್ನು ಅಡಗಿಸಲಿಲ್ಲ. ಹೆದರಿಕೆಯಿದ್ದರೆ ಹೆದರಿಕೆಯೂ ಕಾಣಲಿ. ಬಿಳುಚಿದ ಬೆರಳು ಮೇಲೆದ್ದಿತು, ಗಾಳಿಯಲ್ಲಿ ನಿಂತಿತು, ಮನುವಿನ ಎದೆಗೆ ತಾಗಿತು.

“ಒಂದು,” ಎಂದಳು ರಾಣಿ, ಕೇಳಿಸಿಯೂ ಕೇಳಿಸದ ಹಾಗೆ. ಮನು ಹಲ್ಲು ಕಿಸಿದ.

“ಆಮೇಲೆ?”

“ಎರಡು.” ಸಂತು ಕಚಗುಳಿಯಾಗಿ ಹಿಂದಕ್ಕೆ ಬಾಗಿದ. ಎರಡು. ತನ್ನ ಮಕ್ಕಳ ಮೇಲೆ ಆ ಅಂಕಿ ಬಿದ್ದದ್ದನ್ನು ಇಂದು ಮೊದಲ ಸಲ ಕೇಳಿದಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಬಿದ್ದರೆ ನಾಳೆ ಬೀಳಬಹುದು, ನಾಡಿದ್ದು ಬೀಳಬಹುದು. ಇನ್ನು ಸಂತುವಿಗೆ ನೆಗಡಿಯಾದರೂ ಊರು ಅವಳ ಕಡೆ ನೋಡುತ್ತದೆ, ಅವಳೂ ರಾತ್ರಿಯೆದ್ದು ಹಣೆ ಮುಟ್ಟಿ ನೋಡುತ್ತಾಳೆ. ನೋಡಿಕೊಳ್ಳುತ್ತೇನೆ ಎಂದುಕೊಂಡಳು. ಹೆದರಿಕೆ ನನ್ನದು, ನಾನು ಹೊರುತ್ತೇನೆ, ನಾಲ್ಕು ವರ್ಷದ ಬೆರಳಿಗೆ ಕಟ್ಟುವುದಿಲ್ಲ.

ಅಷ್ಟರಲ್ಲಿ ಬೆರಳು ತಾನೇ ಮುಂದೆ ಬಂದು ಇಂದುವಿನ ಮೂಗಿನ ತುದಿ ಮುಟ್ಟಿತ್ತು. “ಮೂರು.” ಈಗ ದನಿ ಅಂಗನವಾಡಿಯ ಚಾಪೆಯ ಮೇಲಿನ ದನಿ. ತಿರುಗಿ, ಅಜ್ಜಿಯ ಸೊಂಟಕ್ಕೆ. “ನಾಕು.” ವಸಂತಮ್ಮ ಕಣ್ಣು ಮುಚ್ಚಿಕೊಂಡರು, ಆದರೆ ಸರಿಯಲಿಲ್ಲ. ಮುಂದಿನದು ಯಾರೆಂದು ಹುಡುಗಿ ಸುತ್ತ ನೋಡಿದಳು. ಹತ್ತಿರದಲ್ಲಿ ಯಾರೂ ಇರಲಿಲ್ಲ. ಬೆರಳನ್ನು ಮಡಚಿ ತನ್ನ ಎದೆಯ ಮೇಲೇ ಇಟ್ಟುಕೊಂಡಳು.

“ಐದು,” ಎಂದಳು.

ಬೆಚ್ಚಗಿನ ನೆತ್ತಿಯೊಂದು ಇಂದುವಿನ ಬೆರಳ ತುದಿಯಲ್ಲಿ ಮಿಡಿಯಿತು. ಐದರ ಮುಂದೆ ಗಂಡಸಿಯ ಆ ಚಾಪೆಯ ಮೇಲೆ ಏನೂ ಇರಲಿಲ್ಲ, ಯಾರೂ ಅವಳನ್ನು ಮುಂದಕ್ಕೆ ಕೇಳಿರಲಿಲ್ಲ. ಹುಡುಗಿ ಕಾಯುತ್ತಿದ್ದಳು, ಕಣ್ಣರಳಿಸಿಕೊಂಡು, ಬದುಕಿಕೊಂಡು. ಕೆಂಡದ ಮೇಲೆ ಬೂದಿ ಕಟ್ಟತೊಡಗಿತ್ತು. ದೇವೀರಪ್ಪ ಟವೆಲ್ಲು ಕೊಡವಿ, ಇನ್ನು ಇಲ್ಲಿ ನಿಲ್ಲುವುದಿಲ್ಲ ಎಂಬಂತೆ, ಮೆಲ್ಲಗೆ ಮನೆಯ ಕಡೆ ಬೆನ್ನು ತಿರುಗಿಸುತ್ತಿದ್ದರು.

“ಆಮೇಲೆ?” ಎಂದು ಕೇಳಿದಳು ಇಂದು, ಅವರಿಗೂ ಕೇಳಿಸುವ ಹಾಗೆ.

ರಾಣಿಯ ಬೆರಳು ತಾತನ ಬೆನ್ನಿನ ಕಡೆಗೆ ತಿರುಗಿತು.